ಜೂನ್ 25: ಒಂದೇ ತಾರೀಕು, ಹಲವು ಆಟ. ಪದೇ ಪದೇ ಕೇಳುವ ಪ್ರಶ್ನೆಗಳು

ಕ್ರೀಡಾ ಇತಿಹಾಸದಲ್ಲಿ ಜೂನ್ 25ರಷ್ಟು ಕಥೆ ತುಂಬಿದ ತಾರೀಕುಗಳು ಕಡಿಮೆ. ಆ ದಿನದ ಬಗ್ಗೆ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಸುಲಭದವು ಮೊದಲು, ಸ್ವಲ್ಪ ಆಳಕ್ಕೆ ಹೋಗುವವು ಕೊನೆಗೆ. ಯಾವುದರಿಂದ ಬೇಕಾದರೂ ಓದಲು ಶುರು ಮಾಡಬಹುದು.

## ಶುರುವಿನ ಪ್ರಶ್ನೆಗಳು

ಜೂನ್ 25 ಅಂದ್ರೆ 1983ರ ವರ್ಲ್ಡ್ ಕಪ್ ಅಷ್ಟೇ ಅಲ್ವಾ? ಬೇರೆ ಏನಾದ್ರೂ ಇದೆಯಾ?

ಬೇಕಾದಷ್ಟಿದೆ. ಭಾರತ ತನ್ನ ಮೊಟ್ಟಮೊದಲ ಟೆಸ್ಟ್ ಆಡಲು ಇಳಿದದ್ದು 1932ರ ಜೂನ್ 25ರಂದು. ಅರ್ಜೆಂಟೀನಾ ಮೊದಲ ಸಲ ಫುಟ್‌ಬಾಲ್ ವಿಶ್ವಕಪ್ ಗೆದ್ದದ್ದು 1978ರ ಜೂನ್ 25ರಂದು. ಸರಿಯಾಗಿ ಹತ್ತು ವರ್ಷಕ್ಕೆ, ಅದೇ ದಿನ, ನೆದರ್ಲೆಂಡ್ಸ್ ಯೂರೋಪಿನ ಚಾಂಪಿಯನ್ ಆಯಿತು. ಬಾಕ್ಸರ್ ಜೋ ಲೂಯಿಸ್ ತಮ್ಮ ಹೆವಿವೇಟ್ ಪಟ್ಟವನ್ನು ಕೊನೆಯ ಸಲ ಉಳಿಸಿಕೊಂಡದ್ದು, ಮರಡೋನಾ ಅರ್ಜೆಂಟೀನಾ ಪರ ಕೊನೆಯ ಸಲ ಆಡಿದ್ದು ಕೂಡ ಇದೇ ತಾರೀಕಿನಂದು.

ನನಗೆ ಈ ದಿನ ಇಷ್ಟವಾಗುವುದಕ್ಕೆ ಇನ್ನೊಂದು ಕಾರಣವಿದೆ. ಈ ತಾರೀಕಿನ ಕೆಲವು ಪಂದ್ಯಗಳು ಮುಗಿದ ಮೇಲೂ ಮುಗಿಯಲಿಲ್ಲ. ಒಂದು ಪಂದ್ಯ ಫುಟ್‌ಬಾಲ್ ವೇಳಾಪಟ್ಟಿಯನ್ನೇ ಬದಲಿಸಿತು. ಇನ್ನೊಂದು ಟೆನಿಸ್‌ಗೆ ಟೈಬ್ರೇಕ್ (ಸಮವಾಗಿ ಎಳೆಯುವ ಸೆಟ್ಟನ್ನು ಕೆಲವೇ ಪಾಯಿಂಟ್‌ಗಳಲ್ಲಿ ಮುಗಿಸುವ ವಿಧಾನ) ತರಲು ನೆರವಾಯಿತು. ಮತ್ತೊಂದು ಕ್ರಿಕೆಟ್‌ನ ದುಡ್ಡು, ಅಧಿಕಾರ ಎರಡನ್ನೂ ಬೇರೆ ಕಡೆ ತಿರುಗಿಸಿತು.

1983ರ ಫೈನಲ್‌ನಲ್ಲಿ 183 ರನ್ ತುಂಬಾ ಕಡಿಮೆ ಅನ್ಸುತ್ತೆ. ಹೇಗೆ ಗೆದ್ವಿ?

ಕಡಿಮೆಯೇ. ಆಗ ಒಂದು ಇನಿಂಗ್ಸ್‌ಗೆ 60 ಓವರ್. ಭಾರತ 54.4 ಓವರ್‌ಗಳಲ್ಲೇ ಆಲೌಟ್ ಆಗಿತ್ತು. ಕೃಷ್ಣಮಾಚಾರಿ ಶ್ರೀಕಾಂತ್ ಹೊಡೆದ 38 ರನ್ನೇ ಇಡೀ ಪಂದ್ಯದ ಅತಿ ದೊಡ್ಡ ಸ್ಕೋರ್. ಎದುರಿಗಿದ್ದದ್ದು 1975 ಮತ್ತು 1979ರ ಎರಡೂ ಕಪ್ ಗೆದ್ದಿದ್ದ ವೆಸ್ಟ್ ಇಂಡೀಸ್.

ಮೊದಲ ಪೆಟ್ಟು ಬಲ್ವಿಂದರ್ ಸಿಂಗ್ ಸಂಧು ಅವರದು. ಗಾರ್ಡನ್ ಗ್ರೀನಿಜ್ ಚೆಂಡು ಹೊರಗೆ ಹೋಗುತ್ತದೆಂದು ಬ್ಯಾಟ್ ಎತ್ತಿ ಬಿಟ್ಟರು. ಚೆಂಡು ಒಳಗೆ ನುಗ್ಗಿ ಸ್ಟಂಪ್ ಹಾರಿಸಿತು. ಆಮೇಲೆ ವಿವಿಯನ್ ರಿಚರ್ಡ್ಸ್ ಬಂದರು. 28 ಎಸೆತಕ್ಕೆ 33 ರನ್, ಏಳು ಬೌಂಡರಿ. ಅವರು ಆಡುತ್ತಿದ್ದ ರೀತಿ ನೋಡಿದರೆ ಪಂದ್ಯ ಬೇಗನೆ ಮುಗಿಯುವಂತಿತ್ತು. ಮದನ್ ಲಾಲ್ ಎಸೆತವನ್ನು ಅವರು ಮಿಡ್‌ವಿಕೆಟ್ ಕಡೆ ಎತ್ತಿ ಹೊಡೆದರು. ಕಪಿಲ್ ದೇವ್ ಹಿಂದಕ್ಕೆ ಓಡುತ್ತಾ, ಭುಜದ ಮೇಲಿಂದ ಬೀಳುತ್ತಿದ್ದ ಚೆಂಡನ್ನು ಹಿಡಿದರು. 50ಕ್ಕೆ ಒಂದೇ ವಿಕೆಟ್ ಎಂಬಂತಿದ್ದ ಸ್ಕೋರ್ ನೋಡ್ತಾ ನೋಡ್ತಾ 76ಕ್ಕೆ ಆರು ಆಯಿತು.

ಇಲ್ಲಿಗೇ ಕಥೆ ಮುಗಿಸುವವರು ಜಾಸ್ತಿ. ಆದರೆ ಆ ಮೇಲೆ ಜೆಫ್ ಡುಜಾನ್ ಮತ್ತು ಮಾಲ್ಕಮ್ ಮಾರ್ಷಲ್ ಸೇರಿ 43 ರನ್ ಸೇರಿಸಿದರು. ಪಂದ್ಯ ಮತ್ತೆ ಕೈಜಾರುತ್ತಿತ್ತು. ಆಗ ಇಬ್ಬರನ್ನೂ ಕಿತ್ತವರು ಮೊಹಿಂದರ್ ಅಮರನಾಥ್. ಅಂಥ ವೇಗವೇನೂ ಇರದ ಬೌಲಿಂಗ್. ಏಳು ಓವರ್, 12 ರನ್, ಮೂರು ವಿಕೆಟ್. ಕೊನೆಗೆ ಮೈಕೆಲ್ ಹೋಲ್ಡಿಂಗ್ ಎಲ್‌ಬಿಡಬ್ಲ್ಯು ಆಗಿದ್ದೂ ಅವರಿಗೇ. ವೆಸ್ಟ್ ಇಂಡೀಸ್ 140ಕ್ಕೆ ಆಲೌಟ್, ಭಾರತಕ್ಕೆ 43 ರನ್ ಗೆಲುವು. ಬ್ಯಾಟಿಂಗ್‌ನಲ್ಲೂ 26 ರನ್ ಗಳಿಸಿದ್ದ ಅಮರನಾಥ್ ಪಂದ್ಯಶ್ರೇಷ್ಠರಾದರು. ಕ್ಯಾಚ್‌ನ ಚಿತ್ರ ಎಲ್ಲರ ತಲೆಯಲ್ಲಿ ಉಳಿದಿದೆ, ಉಳಿಯಲಿ. ಆದರೆ ಅಮರನಾಥ್ ಹೆಸರನ್ನು ಅದಕ್ಕಿಂತ ಕೆಳಗೆ ಇಡಲು ನನಗೆ ಮನಸ್ಸಿಲ್ಲ.

ಆ ಗೆಲುವು ಬರೀ ಅದೃಷ್ಟ ಅಂತಾರಲ್ಲ?

ಅದೇ ಟೂರ್ನಿಯ ಮೊದಲ ಪಂದ್ಯದಲ್ಲಿ, ಮ್ಯಾಂಚೆಸ್ಟರ್‌ನಲ್ಲಿ, ಭಾರತ ಇದೇ ವೆಸ್ಟ್ ಇಂಡೀಸ್ ತಂಡವನ್ನು 34 ರನ್‌ಗಳಿಂದ ಸೋಲಿಸಿತ್ತು. ವಿಶ್ವಕಪ್‌ನಲ್ಲಿ ವೆಸ್ಟ್ ಇಂಡೀಸ್ ಕಂಡ ಮೊದಲ ಸೋಲು ಅದು. ಆಮೇಲೆ ಜಿಂಬಾಬ್ವೆ ಎದುರು 17ಕ್ಕೆ 5 ವಿಕೆಟ್ ಬಿದ್ದಾಗ ಕಪಿಲ್ ಅಜೇಯ 175 ಹೊಡೆದರು. ಸೆಮಿಫೈನಲ್‌ನಲ್ಲಿ ಇಂಗ್ಲೆಂಡನ್ನು ಅದರ ನೆಲದಲ್ಲೇ ಸೋಲಿಸಿದರು. ಹಿಂದಿನ ಎರಡು ವಿಶ್ವಕಪ್‌ಗಳಲ್ಲಿ ಈಸ್ಟ್ ಆಫ್ರಿಕಾ ವಿರುದ್ಧ ಮಾತ್ರ ಗೆದ್ದಿದ್ದ ತಂಡವಾದ್ದರಿಂದ ಜನ ನಂಬಲಿಲ್ಲ, ಅಷ್ಟೇ.

ನಮ್ಮ ಬಿನ್ನಿ, ಕಿರ್ಮಾನಿ ಏನ್ ಮಾಡಿದ್ರು?

ಇಡೀ ಟೂರ್ನಿಯಲ್ಲಿ ಅತಿ ಹೆಚ್ಚು ವಿಕೆಟ್ ಪಡೆದವರು ರೋಜರ್ ಬಿನ್ನಿ, 18 ವಿಕೆಟ್. ಫೈನಲ್‌ನಲ್ಲಿ ಒಂದೇ ಒಂದು ಸಿಕ್ಕಿತು, ಆದರೆ ಅದು ನಾಯಕ ಕ್ಲೈವ್ ಲಾಯ್ಡ್ ಅವರದು. ಡೆಸ್ಮಂಡ್ ಹೇನ್ಸ್ ಕೊಟ್ಟ ಕ್ಯಾಚ್ ಹಿಡಿದದ್ದೂ ಅವರೇ. ಸೈಯದ್ ಕಿರ್ಮಾನಿ ಕೊನೆಯಲ್ಲಿ 14 ರನ್ ಸೇರಿಸಿದರು, ಸಂಧು ಬೌಲಿಂಗ್‌ನಲ್ಲಿ ಫೌದ್ ಬ್ಯಾಕಸ್ ಕೊಟ್ಟ ಕ್ಯಾಚ್ ಹಿಡಿದರು. ಜಿಂಬಾಬ್ವೆ ಪಂದ್ಯದಲ್ಲಿ ಕಪಿಲ್ ಜೊತೆ ಕೊನೆಯವರೆಗೂ ನಿಂತವರು ಕೂಡ ಕಿರ್ಮಾನಿಯೇ.

ಭಾರತದ ಮೊದಲ ಟೆಸ್ಟ್ ಕೂಡ ಅದೇ ದಿನ, ಅದೇ ಮೈದಾನದಲ್ಲಿ ಅಂತಾರೆ. ನಿಜಾನಾ?

ನಿಜ. 1932ರ ಜೂನ್ 25, ಲಾರ್ಡ್ಸ್. ಮೂರು ದಿನದ ಟೆಸ್ಟ್, ಅಂದು ಶುರುವಾಯಿತು. ಇಂಗ್ಲೆಂಡ್ ಪ್ರವಾಸಕ್ಕೆ ಪೋರಬಂದರಿನ ಮಹಾರಾಜರು ನಾಯಕರಾಗಿದ್ದರೂ, ಟೆಸ್ಟ್‌ನಲ್ಲಿ ತಂಡವನ್ನು ನಡೆಸಿದವರು ಸಿ.ಕೆ. ನಾಯುಡು. ಇಂಗ್ಲೆಂಡ್ ನಾಯಕ ಡಗ್ಲಸ್ ಜಾರ್ಡಿನ್.

ಇಂಗ್ಲೆಂಡ್ ಪರ ಆರಂಭಕ್ಕೆ ಬಂದವರು ಪರ್ಸಿ ಹೋಮ್ಸ್ ಮತ್ತು ಹರ್ಬರ್ಟ್ ಸಟ್‌ಕ್ಲಿಫ್. ಕೆಲವೇ ದಿನಗಳ ಹಿಂದೆ ಈ ಜೋಡಿ ಯಾರ್ಕ್‌ಶೈರ್ ಪರ ಮೊದಲ ವಿಕೆಟ್‌ಗೆ 555 ರನ್ ಸೇರಿಸಿತ್ತು. ಇಬ್ಬರನ್ನೂ ಮೊಹಮ್ಮದ್ ನಿಸಾರ್ ಬೌಲ್ಡ್ ಮಾಡಿದರು. ಫ್ರಾಂಕ್ ವೂಲಿ ರನೌಟ್ ಆದರು. 19ಕ್ಕೆ ಮೂರು! ಮೊದಲ ಸಲ ಟೆಸ್ಟ್ ಆಡುವ ತಂಡದಿಂದ ಲಾರ್ಡ್ಸ್ ಅದನ್ನು ನಿರೀಕ್ಷಿಸಿರಲಿಲ್ಲ.

ಕೊನೆಗೆ ಭಾರತ 158 ರನ್‌ಗಳಿಂದ ಸೋತಿತು. ಆದರೂ ನಿಸಾರ್ ಮೊದಲ ಇನಿಂಗ್ಸ್‌ನಲ್ಲಿ ಐದು ವಿಕೆಟ್ ಪಡೆದರು, ಅಮರ್ ಸಿಂಗ್ ಎರಡನೇ ಇನಿಂಗ್ಸ್‌ನಲ್ಲಿ 51 ಹೊಡೆದು ಭಾರತದ ಮೊದಲ ಟೆಸ್ಟ್ ಅರ್ಧಶತಕ ಬರೆದರು. ಅಂದಿಗೂ 1983ಕ್ಕೂ ನಡುವೆ 51 ವರ್ಷ.

## ಫುಟ್‌ಬಾಲ್ ಪ್ರಶ್ನೆಗಳು

1978ರ ಫೈನಲ್‌ನಲ್ಲಿ ಚೆಂಡು ಕಂಬಕ್ಕೆ ತಾಗಿದ ಕಥೆ ಏನು?

ಬ್ಯೂನಸ್ ಐರಿಸ್, ಅರ್ಜೆಂಟೀನಾ ಎದುರು ನೆದರ್ಲೆಂಡ್ಸ್. ಮಾರಿಯೊ ಕೆಂಪೆಸ್ ಮೊದಲಾರ್ಧದಲ್ಲಿ ಗೋಲು ಹೊಡೆದರು. 82ನೇ ನಿಮಿಷದಲ್ಲಿ ಬದಲಿ ಆಟಗಾರ ಡಿಕ್ ನಾನಿಂಗಾ ತಲೆಯಿಂದ ಹೊಡೆದು ಸಮ ಮಾಡಿದರು. ಇನ್ನೇನು 90 ನಿಮಿಷ ಮುಗಿಯಬೇಕು, ಆಗ ಉದ್ದನೆಯ ಪಾಸ್ ಒಂದು ರಾಬ್ ರೆನ್ಸೆನ್‌ಬ್ರಿಂಕ್ ಕಾಲಿಗೆ ಸಿಕ್ಕಿತು. ಅವರು ಗೋಲ್‌ಕೀಪರ್‌ನನ್ನು ದಾಟಿಸಿ ತಳ್ಳಿದ ಚೆಂಡು ಕಂಬಕ್ಕೆ ಬಡಿದು ವಾಪಸ್ ಬಂತು. ಒಳಗೆ ಹೋಗಿದ್ದರೆ ಕಪ್ ನೆದರ್ಲೆಂಡ್ಸ್‌ಗೆ. ಹೋಗಲಿಲ್ಲ. ಹೆಚ್ಚುವರಿ ಸಮಯದಲ್ಲಿ ಕೆಂಪೆಸ್ ಇನ್ನೊಂದು, ಡೇನಿಯಲ್ ಬರ್ಟೋನಿ ಒಂದು. 3-1.

ಆ ಗೆಲುವಿನ ಬಗ್ಗೆ ಮಾತನಾಡುವಾಗ ಅರ್ಜೆಂಟೀನಾದಲ್ಲಿ ಆಗ ಸೇನಾಡಳಿತ ಇತ್ತು ಎಂಬುದನ್ನು ಬಿಡಬಾರದು. ಸರ್ಕಾರ ಜನರನ್ನು ಹಿಡಿದು ಚಿತ್ರಹಿಂಸೆ ಕೊಡುತ್ತಿದ್ದ ನೌಕಾಪಡೆಯ ಶಾಲೆ ಆ ಕ್ರೀಡಾಂಗಣದಿಂದ ಹೆಚ್ಚು ದೂರವಿರಲಿಲ್ಲ. ಕೆಂಪೆಸ್ ಆಟ ಅದ್ಭುತ. ಅದರ ಸುತ್ತ ನಡೆಯುತ್ತಿದ್ದದ್ದು ಘೋರ. ಎರಡನ್ನೂ ಜೊತೆಗೇ ಹೇಳಬೇಕು.

ವಾನ್ ಬಾಸ್ಟನ್ ಗೋಲನ್ನ ಯಾಕೆ ಇವತ್ತಿಗೂ ತೋರಿಸ್ತಾರೆ?

1988ರ ಯೂರೋ ಫೈನಲ್, ಮ್ಯೂನಿಕ್. ಸೋವಿಯತ್ ಒಕ್ಕೂಟದ ಎದುರು ನೆದರ್ಲೆಂಡ್ಸ್. ರೂಡ್ ಗುಲ್ಲಿಟ್ ತಲೆಯಿಂದ ಹೊಡೆದ ಗೋಲಿನಿಂದ 1-0. 54ನೇ ನಿಮಿಷದಲ್ಲಿ ಎಡಗಡೆಯಿಂದ ಆರ್ನಾಲ್ಡ್ ಮ್ಯುಹ್ರೆನ್ ಚೆಂಡನ್ನು ಎತ್ತರಕ್ಕೆ ತೇಲಿಸಿದರು. ಅದು ಮಾರ್ಕೊ ವಾನ್ ಬಾಸ್ಟನ್ ಇದ್ದ ಬಲತುದಿಗೆ ಬಂತು. ಅಲ್ಲಿಂದ ಗೋಲು ಕಾಣುವುದೇ ಓರೆಯಾಗಿ. ಯಾರಾದರೂ ಚೆಂಡನ್ನು ನಿಲ್ಲಿಸಿ ಒಳಗೆ ಪಾಸ್ ಮಾಡುತ್ತಿದ್ದರು. ಅವರು ನೆಲಕ್ಕೆ ಬೀಳಲು ಬಿಡದೆ ನೇರ ಹೊಡೆದರು. ಗೋಲ್‌ಕೀಪರ್ ಆಗಿದ್ದ ರಿನಾತ್ ದಾಸಾಯೆವ್ ಆ ಕಾಲದ ದೊಡ್ಡ ಹೆಸರು. ಚೆಂಡು ಅವರ ತಲೆ ಮೇಲಿಂದ ಹಾದು ದೂರದ ಮೂಲೆಗೆ ಇಳಿಯಿತು.

ಅದೇ ಟೂರ್ನಿಯ ಮೊದಲ ಪಂದ್ಯದಲ್ಲಿ ಇದೇ ಸೋವಿಯತ್ ತಂಡಕ್ಕೆ ನೆದರ್ಲೆಂಡ್ಸ್ 1-0ಯಿಂದ ಸೋತಿತ್ತು. ಅಂದು ವಾನ್ ಬಾಸ್ಟನ್ ಆರಂಭಿಕ ಹನ್ನೊಂದರಲ್ಲೂ ಇರಲಿಲ್ಲ! ಫೈನಲ್‌ನಲ್ಲಿ ಹಾನ್ಸ್ ವಾನ್ ಬ್ರೂಕೆಲೆನ್ ಒಂದು ಪೆನಾಲ್ಟಿಯನ್ನೂ ತಡೆದರು. 2-0. ನೆದರ್ಲೆಂಡ್ಸ್ ಪುರುಷರ ತಂಡ ಗೆದ್ದ ಒಂದೇ ಒಂದು ದೊಡ್ಡ ಕಪ್ ಇದು. ಕಂಬಕ್ಕೆ ಬಡಿದ ಆ ಚೆಂಡಿಗೆ ಅಂದಿಗೆ ಸರಿಯಾಗಿ ಹತ್ತು ವರ್ಷ ತುಂಬಿತ್ತು.

ಮರಡೋನಾ ಹೆಸರು ಈ ತಾರೀಕಿಗೆ ಯಾಕೆ ಬರುತ್ತೆ?

ಮೂರು ವರ್ಷ ನೋಡಿ. 1978ರಲ್ಲಿ 17ರ ಹುಡುಗ ಮರಡೋನಾ ತಂಡದಲ್ಲಿರಲಿಲ್ಲ, ಕೋಚ್ ಸೆಸಾರ್ ಲೂಯಿಸ್ ಮೆನೋಟಿ ಕೈಬಿಟ್ಟಿದ್ದರು. ದೇಶ ಕಪ್ ಎತ್ತಿದಾಗ ಅವರು ಹೊರಗೆ. 1986ರ ಜೂನ್ 25ರಂದು ಮೆಕ್ಸಿಕೊದ ಅಜ್‌ಟೆಕಾ ಕ್ರೀಡಾಂಗಣದಲ್ಲಿ ಬೆಲ್ಜಿಯಂ ವಿರುದ್ಧ ಸೆಮಿಫೈನಲ್. 2-0 ಗೆಲುವು, ಎರಡೂ ಗೋಲು ಅವರದೇ. ಇಂಗ್ಲೆಂಡ್ ವಿರುದ್ಧದ ಎರಡು ಗೋಲುಗಳ ಬಗ್ಗೆ ಎಲ್ಲರೂ ಮಾತನಾಡುತ್ತಾರೆ. ಅದಕ್ಕೆ ಮೂರು ದಿನದ ನಂತರ ಬಂದ ಈ ಪಂದ್ಯ ಅದರ ನೆರಳಿನಲ್ಲಿ ಉಳಿದುಬಿಟ್ಟಿದೆ. ಎರಡನೇ ಗೋಲಿಗೆ ಬೆಲ್ಜಿಯಂನ ಡಿಫೆಂಡರುಗಳ ನಡುವೆ ಅವರು ನುಗ್ಗಿದ ರೀತಿ ನೋಡಿದರೆ ಇದು ಅನ್ಯಾಯ ಅನಿಸುತ್ತದೆ.

1994ರ ಜೂನ್ 25, ಅಮೆರಿಕದ ಬಾಸ್ಟನ್ ಹತ್ತಿರ, ನೈಜೀರಿಯಾ ಎದುರು. ಕ್ಲಾಡಿಯೊ ಕನಿಜಿಯಾ ಎರಡು ಗೋಲು, ಅರ್ಜೆಂಟೀನಾಕ್ಕೆ 2-1 ಗೆಲುವು. ಪಂದ್ಯ ಮುಗಿದ ಮೇಲೆ ನರ್ಸ್ ಒಬ್ಬರು ಮರಡೋನಾ ಕೈ ಹಿಡಿದು ಡೋಪಿಂಗ್ ಪರೀಕ್ಷೆಗೆ ಕರೆದುಕೊಂಡು ಹೋದರು. ಅವರು ನಗುತ್ತಲೇ ಹೋದರು. ನಿಷೇಧಿತ ಮದ್ದು ಎಫೆಡ್ರಿನ್‌ನ ಅಂಶ ಸಿಕ್ಕಿತು, ಟೂರ್ನಿಯಿಂದ ಹೊರಗಾದರು. ದೇಶದ ಪರ ಅವರ ಕೊನೆಯ ಪಂದ್ಯ ಅದು.

2014ರ ಜೂನ್ 25ರಂದು ಅರ್ಜೆಂಟೀನಾ ವಿಶ್ವಕಪ್‌ನಲ್ಲಿ ಮತ್ತೆ ನೈಜೀರಿಯಾ ಎದುರು ಆಡಿತು. ಮೆಸ್ಸಿ ಎರಡು ಗೋಲು ಹೊಡೆದರು, 3-2.

ಒಂದೇ ಪಂದ್ಯದಲ್ಲಿ ನಾಲ್ಕು ರೆಡ್ ಕಾರ್ಡ್ ಬಂದಿದ್ದು ಯಾವಾಗ?

2006ರ ವಿಶ್ವಕಪ್, ಜರ್ಮನಿಯ ನ್ಯೂರೆಂಬರ್ಗ್. ಪೋರ್ಚುಗಲ್ 1, ನೆದರ್ಲೆಂಡ್ಸ್ 0. ಮನಿಶ್ ಹೊಡೆದ ಆ ಗೋಲು ಈಗ ಯಾರಿಗೂ ನೆನಪಿಲ್ಲ. ರಷ್ಯಾದ ರೆಫ್ರಿ ವ್ಯಾಲೆಂಟಿನ್ ಇವಾನೊವ್ 16 ಹಳದಿ, 4 ಕೆಂಪು ಕಾರ್ಡ್ ತೋರಿಸಿದರು. ಎರಡೂ ಕಡೆ ತಲಾ ಇಬ್ಬರು ಹೊರಗೆ, ಕೊನೆಗೆ ಒಂಬತ್ತು ಮಂದಿ ಎದುರು ಒಂಬತ್ತು ಮಂದಿ.

## ಬೇರೆ ಆಟಗಳು

ಜೋ ಲೂಯಿಸ್ ಬಗ್ಗೆ ಸ್ವಲ್ಪ ಹೇಳಿ. ಎರಡು ಸಲ ಯಾಕೆ ಅವರ ಹೆಸರು ಬರುತ್ತೆ?

ಅವರ ವೃತ್ತಿಜೀವನದ ಎರಡು ತುದಿಗಳೂ ಇದೇ ತಾರೀಕಿಗೆ ಸೇರಿವೆ, ಅದೂ ನ್ಯೂಯಾರ್ಕ್‌ನ ಒಂದೇ ಯಾಂಕೀ ಸ್ಟೇಡಿಯಂನಲ್ಲಿ. 1935ರ ಜೂನ್ 25ರಂದು, 21ನೇ ವಯಸ್ಸಿನಲ್ಲಿ, ಇಟಲಿಯ ದೈತ್ಯ, ಮಾಜಿ ಚಾಂಪಿಯನ್ ಪ್ರಿಮೊ ಕಾರ್ನೆರಾ ಅವರನ್ನು ಆರನೇ ಸುತ್ತಿನಲ್ಲಿ ಸೋಲಿಸಿದರು. ಮುಸೊಲಿನಿಯ ಇಟಲಿ ಇಥಿಯೋಪಿಯಾ ಮೇಲೆ ಕಣ್ಣಿಟ್ಟಿದ್ದ ಸಮಯ. ಹಾಗಾಗಿ ಅಮೆರಿಕದ ಕಪ್ಪು ಜನರಿಗೆ ಅದು ಬರೀ ಬಾಕ್ಸಿಂಗ್ ಆಗಿರಲಿಲ್ಲ.

1948ರ ಜೂನ್ 25ರಂದು ಜರ್ಸಿ ಜೋ ವಾಲ್ಕಾಟ್ ಎದುರು. ಆರು ತಿಂಗಳ ಹಿಂದೆ ಇದೇ ವಾಲ್ಕಾಟ್ ಎರಡು ಸಲ ಲೂಯಿಸ್‌ರನ್ನು ನೆಲಕ್ಕೆ ಕೆಡವಿದ್ದರು. ಆದರೂ ತೀರ್ಪು ಲೂಯಿಸ್ ಕಡೆ ಬಂದು ದೊಡ್ಡ ವಿವಾದವಾಗಿತ್ತು. ಈ ಸಲವೂ ಮೂರನೇ ಸುತ್ತಿನಲ್ಲಿ ಲೂಯಿಸ್ ಬಿದ್ದರು. ಎದ್ದು ನಿಂತು, ಕಾದು, 11ನೇ ಸುತ್ತಿನಲ್ಲಿ ನಾಕೌಟ್ ಮಾಡಿದರು. ಅದು ಪಟ್ಟ ಉಳಿಸಿಕೊಂಡ 25ನೇ ಸಲ. ಮುಂದಿನ ವರ್ಷ ಚಾಂಪಿಯನ್ ಆಗಿಯೇ ನಿವೃತ್ತಿ ಹೇಳಿದರು. ದುಡ್ಡಿನ ತಾಪತ್ರಯದಿಂದ ಆಮೇಲೆ ಮತ್ತೆ ರಿಂಗ್‌ಗೆ ಬರಬೇಕಾಯಿತು, ಅದು ಬೇಸರದ ಕಥೆ.

ಬ್ಯಾಸ್ಕೆಟ್‌ಬಾಲ್, ಬೇಸ್‌ಬಾಲ್‌ನಲ್ಲಿ ಏನಾದ್ರೂ?

1999ರಲ್ಲಿ ಸ್ಯಾನ್ ಆಂಟೋನಿಯೊ ಸ್ಪರ್ಸ್ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯಲ್ಲಿ ತನ್ನ ಮೊದಲ ಪಟ್ಟ ಗೆದ್ದಿತು. ನ್ಯೂಯಾರ್ಕ್ ನಿಕ್ಸ್ ವಿರುದ್ಧ 78-77. ಕೊನೆಯ ನಿಮಿಷದಲ್ಲಿ ಏವರಿ ಜಾನ್ಸನ್ ಮೂಲೆಯಿಂದ ಎಸೆದ ಚೆಂಡು ಬುಟ್ಟಿಗೆ ಬಿದ್ದಿತು. ಅದೇ ಕೊನೆಯ ಅಂಕ. ಅಂದು ಟಿಮ್ ಡಂಕನ್ 31 ಅಂಕ ಗಳಿಸಿದರು.

2009ರ ಜೂನ್ 25ರ ಎನ್‌ಬಿಎ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಕಾರ್ಯಕ್ರಮ) ಸ್ಟೀಫನ್ ಕರಿ ಏಳನೆಯವರಾಗಿ ಆಯ್ಕೆಯಾದರು. ಅವರಿಗಿಂತ ಮೊದಲು ಐದು, ಆರನೇ ಅವಕಾಶ ಹೊಂದಿದ್ದ ಮಿನ್ನೆಸೋಟ ಎರಡನ್ನೂ ಕರಿ ಆಡುವ ಸ್ಥಾನದವರೇ ಆದ ಬೇರೆ ಪಾಯಿಂಟ್ ಗಾರ್ಡ್‌ಗಳಿಗೆ ಖರ್ಚು ಮಾಡಿತು. ಅಂದು ಒಂದು ಆಟವೂ ನಡೆಯಲಿಲ್ಲ, ಆದರೂ ಮುಂದಿನ ಹತ್ತು ವರ್ಷದ ಬ್ಯಾಸ್ಕೆಟ್‌ಬಾಲ್ ಅಂದೇ ಬದಲಾಯಿತು.

ಬೇಸ್‌ಬಾಲ್‌ನಲ್ಲಿ 1968ರ ನೆನಪು. ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ನ ಬಾಬಿ ಬಾಂಡ್ಸ್ ತಮ್ಮ ಮೊದಲ ಪಂದ್ಯದಲ್ಲೇ ಗ್ರ್ಯಾಂಡ್ ಸ್ಲ್ಯಾಮ್ ಹೋಮ್‌ರನ್ (ಒಂದೇ ಹೊಡೆತಕ್ಕೆ ನಾಲ್ಕು ರನ್) ಹೊಡೆದರು.

2017ರಲ್ಲಿ ಕಿಡಂಬಿ ಶ್ರೀಕಾಂತ್ ಗೆದ್ದದ್ದು ಇದೇ ದಿನಾನಾ?

ಹೌದು. ಸಿಡ್ನಿಯಲ್ಲಿ ಆಸ್ಟ್ರೇಲಿಯನ್ ಓಪನ್ ಬ್ಯಾಡ್ಮಿಂಟನ್ ಫೈನಲ್. ಎದುರಿಗೆ ರಿಯೊ ಒಲಿಂಪಿಕ್ಸ್ ಚಿನ್ನ ಗೆದ್ದ ಚೆನ್ ಲಾಂಗ್. ಶ್ರೀಕಾಂತ್ 22-20, 21-16ರಿಂದ ಗೆದ್ದರು. ಅದಕ್ಕೆ ಒಂದು ವಾರ ಮೊದಲು ಇಂಡೋನೇಷ್ಯಾದಲ್ಲಿ ಗೆದ್ದಿದ್ದರು. ಅದೇ ವರ್ಷ ಡೆನ್ಮಾರ್ಕ್, ಫ್ರಾನ್ಸ್ ಕೂಡ ಗೆದ್ದು ನಾಲ್ಕು ಸೂಪರ್ ಸೀರೀಸ್ ಪಟ್ಟ ಮಾಡಿದರು. ಕ್ರಿಕೆಟ್‌ನ ಜೂನ್ 25 ಎಲ್ಲರಿಗೂ ಗೊತ್ತು, ಶ್ರೀಕಾಂತ್ ಅವರದೂ ಗೊತ್ತಾಗಬೇಕು.

ಅದೇ ಭಾನುವಾರ ಬಾಕು ನಗರದಲ್ಲಿ ಫಾರ್ಮುಲಾ ಒನ್ ರೇಸ್ ಇತ್ತು. ವೇಗ ತಗ್ಗಿಸಲು ಮುಂದೆ ಬಿಡುವ ಸೇಫ್ಟಿ ಕಾರ್ ಹಿಂದೆ ಹೋಗುತ್ತಿದ್ದಾಗ ಸೆಬಾಸ್ಟಿಯನ್ ವೆಟ್ಟಲ್ ಸಿಟ್ಟಿನಿಂದ ಲೂಯಿಸ್ ಹ್ಯಾಮಿಲ್ಟನ್ ಕಾರಿಗೆ ಗುದ್ದಿದರು. ಹತ್ತನೇ ಸ್ಥಾನದಿಂದ ಹೊರಟಿದ್ದ ಡೇನಿಯಲ್ ರಿಕಿಯಾರ್ಡೊ ರೇಸ್ ಗೆದ್ದರು.

## ಸ್ವಲ್ಪ ಆಳದ ಪ್ರಶ್ನೆಗಳು

1982ರ ಜರ್ಮನಿ–ಆಸ್ಟ್ರಿಯಾ ಪಂದ್ಯದಿಂದ ನಿಯಮ ಬದಲಾಯ್ತು ಅಂತಾರೆ. ಹೇಗೆ?

ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಗುಂಪಿನ ಕೊನೆಯ ಪಂದ್ಯಗಳು ಆಗ ಬೇರೆ ಬೇರೆ ದಿನ ನಡೆಯುತ್ತಿದ್ದವು. ಪಶ್ಚಿಮ ಜರ್ಮನಿಯನ್ನು 2-1ರಿಂದ ಸೋಲಿಸಿ ಜಗತ್ತನ್ನೇ ಬೆರಗಾಗಿಸಿದ್ದ ಅಲ್ಜೀರಿಯಾ ಜೂನ್ 24ರಂದೇ ತನ್ನ ಕೊನೆಯ ಪಂದ್ಯ ಆಡಿ ಮುಗಿಸಿತ್ತು. ಮರುದಿನ ಸ್ಪೇನ್‌ನ ಹಿಹೋನ್‌ನಲ್ಲಿ ಪಶ್ಚಿಮ ಜರ್ಮನಿ ಮತ್ತು ಆಸ್ಟ್ರಿಯಾ. ಇಬ್ಬರಿಗೂ ಲೆಕ್ಕ ಮೊದಲೇ ಗೊತ್ತು. ಜರ್ಮನಿ ಒಂದು ಅಥವಾ ಎರಡು ಗೋಲಿನಿಂದ ಗೆದ್ದರೆ ಇಬ್ಬರೂ ಮುಂದಿನ ಸುತ್ತಿಗೆ, ಅಲ್ಜೀರಿಯಾ ಮನೆಗೆ.

ಹತ್ತನೇ ನಿಮಿಷದಲ್ಲಿ ಹಾರ್ಸ್ಟ್ ರುಬೆಶ್ ಗೋಲು ಹೊಡೆದರು. ಎರಡನೇ ಅರ್ಧದಲ್ಲಂತೂ ಆಟವೇ ನಡೆಯಲಿಲ್ಲ. ಸುಮ್ನೆ ಹಿಂದೆ ಮುಂದೆ ಪಾಸ್ ಮಾಡುತ್ತಾ ಸಮಯ ಕಳೆದರು. ಅಲ್ಜೀರಿಯಾದ ಅಭಿಮಾನಿಗಳು ನೋಟುಗಳನ್ನು ಎತ್ತಿ ತೋರಿಸಿದರು. ಅಲ್ಜೀರಿಯಾ ದೂರು ಕೊಟ್ಟಿತು, ಯಾವ ನಿಯಮವೂ ಮುರಿದಿಲ್ಲ ಎಂದು ಫಿಫಾ ಅದನ್ನು ತಳ್ಳಿಹಾಕಿತು.

ಮುರಿಯಲು ನಿಯಮವೇ ಇರಲಿಲ್ಲ, ಸಮಸ್ಯೆ ಇದ್ದದ್ದೇ ಅಲ್ಲಿ. 1986ರ ವಿಶ್ವಕಪ್‌ನಿಂದ ಗುಂಪಿನ ಕೊನೆಯ ಎರಡು ಪಂದ್ಯಗಳು ಒಂದೇ ಹೊತ್ತಿಗೆ ಶುರುವಾಗತೊಡಗಿದವು. ಇಂದು ಎರಡು ಪಂದ್ಯಗಳನ್ನು ಒಟ್ಟಿಗೆ ನೋಡುತ್ತಾ ಕ್ಷಣಕ್ಷಣಕ್ಕೂ ಪಟ್ಟಿ ಬದಲಾಗುವುದನ್ನು ಸವಿಯುತ್ತೇವಲ್ಲ, ಅದು ಅಲ್ಜೀರಿಯಾ ಆಟಗಾರರು ಕಳೆದುಕೊಂಡದ್ದರಿಂದ ನಮಗೆ ಸಿಕ್ಕಿದ್ದು.

ಟೈಬ್ರೇಕ್‌ಗೂ ಜೂನ್ 25ಕ್ಕೂ ಏನು ಸಂಬಂಧ?

1969ರ ವಿಂಬಲ್ಡನ್ ಮೊದಲ ಸುತ್ತು. 41 ವರ್ಷದ ಪಾಂಚೊ ಗೊನ್ಸಾಲೆಸ್, ಎದುರಿಗೆ 25 ವರ್ಷದ ಚಾರ್ಲಿ ಪಸರೆಲ್. ಜೂನ್ 24ರ ಸಂಜೆ ಮೊದಲ ಸೆಟ್ಟೇ 24-22ಕ್ಕೆ ಹೋಯಿತು, ಪಸರೆಲ್ ಗೆದ್ದರು. ಕತ್ತಲಾಗುತ್ತಿದೆ, ಆಟ ನಿಲ್ಲಿಸಿ ಎಂದು ಗೊನ್ಸಾಲೆಸ್ ಗಲಾಟೆ ಮಾಡಿದರು. ನಿಲ್ಲಿಸಲಿಲ್ಲ. ಎರಡನೇ ಸೆಟ್ 6-1ರಿಂದ ಸೋತು, ಪ್ರೇಕ್ಷಕರ ಛೀಮಾರಿ ಕೇಳುತ್ತಾ ಹೊರಗೆ ಹೋದರು.

ಮರುದಿನ, ಜೂನ್ 25ರಂದು, ವಾಪಸ್ ಬಂದು ಮೂರು ಸೆಟ್ ಗೆದ್ದರು: 16-14, 6-3, 11-9. ಕೊನೆಯ ಸೆಟ್‌ನಲ್ಲಿ ಏಳು ಮ್ಯಾಚ್ ಪಾಯಿಂಟ್ ಉಳಿಸಿಕೊಂಡರು. ಒಟ್ಟು 112 ಗೇಮ್, 5 ಗಂಟೆ 12 ನಿಮಿಷ. ಹಿಂದಿನ ಸಂಜೆ ಛೀಮಾರಿ ಹಾಕಿದ್ದ ಅದೇ ಸೆಂಟರ್ ಕೋರ್ಟ್ ಅವರಿಗೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು.

ಜೇಮ್ಸ್ ವಾನ್ ಅಲೆನ್ ಎಂಬವರು ಟೈಬ್ರೇಕ್ ಯೋಚನೆಯನ್ನು ಮೊದಲೇ ಮುಂದಿಟ್ಟಿದ್ದರು. ಇಂಥ ಪಂದ್ಯ ಕಣ್ಣೆದುರು ನಡೆದ ಮೇಲೆ ಅದಕ್ಕೆ ಬಲ ಬಂತು. ಯುಎಸ್ ಓಪನ್ 1970ರಲ್ಲಿ, ವಿಂಬಲ್ಡನ್ 1971ರಲ್ಲಿ ಅದನ್ನು ತಂದವು. ವಿಂಬಲ್ಡನ್ ಕೊನೆಯ ಸೆಟ್ಟನ್ನು ಮಾತ್ರ ಮುಟ್ಟಲಿಲ್ಲ. ಅದಕ್ಕೇ 2010ರಲ್ಲಿ ಇಸ್ನರ್ ಮತ್ತು ಮಹು ಕೊನೆಯ ಸೆಟ್ಟನ್ನು 70-68ರವರೆಗೆ ಆಡಬೇಕಾಯಿತು.

ಹಳೇ ಕಾಲದ ಕ್ರಿಕೆಟ್, ಟೆನಿಸ್ ಎಲ್ಲ ಪ್ರೊಫೆಷನಲ್ ಅಂತ ಹೇಗೆ ಹೇಳ್ತೀರಿ?

ಒಂದೇ ಗೆರೆ ಎಳೆಯಲು ಆಗುವುದಿಲ್ಲ. 1932ರ ಇಂಗ್ಲೆಂಡ್ ತಂಡದಲ್ಲಿ ಸಟ್‌ಕ್ಲಿಫ್, ಹೋಮ್ಸ್ ಸಂಬಳಕ್ಕೆ ಆಡುವವರು, ಜಾರ್ಡಿನ್ ಅಮೆಚೂರ್. ಇಂಗ್ಲೆಂಡ್ ಕ್ರಿಕೆಟ್ ಈ ಭೇದವನ್ನು ಕೈಬಿಟ್ಟದ್ದು 1962ರಲ್ಲಿ. ಟೆನಿಸ್‌ನಲ್ಲಿ ಇನ್ನೂ ಕಠಿಣ. ಗೊನ್ಸಾಲೆಸ್ 1949ರಲ್ಲಿ ವೃತ್ತಿಪರರಾದ ತಪ್ಪಿಗೆ 1968ರವರೆಗೆ ವಿಂಬಲ್ಡನ್ ಬಾಗಿಲು ಅವರಿಗೆ ಮುಚ್ಚಿತ್ತು. ಅವರ ಆಟದ ಅತ್ಯುತ್ತಮ ವರ್ಷಗಳು ಹೊರಗೇ ಕಳೆದವು. 41ರ ವಯಸ್ಸಿನ ಆ ಸಿಟ್ಟು, ಆ ಹಟ ಎಲ್ಲಿಂದ ಬಂತು ಎಂದು ನನಗೆ ಅರ್ಥವಾಗುವುದು ಇದನ್ನು ನೆನೆದಾಗ.

1983ರ ಭಾರತ ತಂಡ ಹೆಸರಿಗೆ ವೃತ್ತಿಪರ, ಕೈಯಲ್ಲಿ ದುಡ್ಡಿಲ್ಲ. ಗೆದ್ದವರಿಗೆ ಬಹುಮಾನ ಕೊಡಲು ಕ್ರಿಕೆಟ್ ಮಂಡಳಿಯ ಬಳಿ ಹಣವಿರಲಿಲ್ಲ. ಲತಾ ಮಂಗೇಶ್ಕರ್ ದೆಹಲಿಯಲ್ಲಿ ಹಾಡಿ ಹಣ ಕೂಡಿಸಿದ ಮೇಲೆ ಆಟಗಾರರಿಗೆ ತಲಾ 1 ಲಕ್ಷ ರೂಪಾಯಿ ಸಿಕ್ಕಿತು. ಮೊದಲ ಮೂರೂ ವಿಶ್ವಕಪ್ ಇಂಗ್ಲೆಂಡಿನಲ್ಲೇ ನಡೆದಿದ್ದವು. ಈ ಗೆಲುವಿನ ಹುಮ್ಮಸ್ಸಿನಲ್ಲಿ 1987ರದ್ದನ್ನು ಭಾರತ, ಪಾಕಿಸ್ತಾನ ತಮ್ಮ ನೆಲಕ್ಕೆ ತಂದವು, ಓವರ್‌ಗಳು 60ರಿಂದ 50ಕ್ಕೆ ಇಳಿದವು.

ಅಫ್ಘಾನಿಸ್ತಾನ ಸೆಮಿಫೈನಲ್‌ಗೆ ಹೋಗಿದ್ದು ಜೂನ್ 24ಕ್ಕಾ 25ಕ್ಕಾ?

2024ರ ಟಿ20 ವಿಶ್ವಕಪ್‌ನ ಆ ಪಂದ್ಯ ನಡೆದದ್ದು ವೆಸ್ಟ್ ಇಂಡೀಸ್‌ನ ಸೇಂಟ್ ವಿನ್ಸೆಂಟ್‌ನಲ್ಲಿ, ಜೂನ್ 24ರ ರಾತ್ರಿ. ಭಾರತದಲ್ಲಿ ಆಗ 25ರ ಬೆಳಿಗ್ಗೆ. ಬಾಂಗ್ಲಾದೇಶ 105ಕ್ಕೆ ಆಲೌಟ್, ಮಳೆ ಲೆಕ್ಕದಲ್ಲಿ 8 ರನ್ ಗೆಲುವು. ರಶೀದ್ ಖಾನ್, ನವೀನ್ ಉಲ್ ಹಕ್ ತಲಾ ನಾಲ್ಕು ವಿಕೆಟ್. ಆಸ್ಟ್ರೇಲಿಯಾ ಟೂರ್ನಿಯಿಂದಲೇ ಹೊರಗೆ. ನಮಗೆ ಬೆಳಗ್ಗೆ ಎದ್ದು ನೋಡಿದ ನೆನಪು, ಹಾಗಾಗಿ 25 ಅನ್ನುತ್ತೇವೆ.

ನಾನು ಪಾಲಿಸುವುದು ಆಟ ನಡೆದ ಊರಿನ ತಾರೀಕನ್ನು. ಆ ಲೆಕ್ಕದಲ್ಲಿ ಇದು 24ಕ್ಕೆ ಸೇರುತ್ತದೆ. ಅದೇ ಲೆಕ್ಕದಲ್ಲಿ ಸ್ಪರ್ಸ್ ಗೆಲುವು 25ಕ್ಕೆ ಸೇರುತ್ತದೆ, ನಮ್ಮಲ್ಲಿ ಆಗ 26 ಆಗಿದ್ದರೂ. ಒಂದು ಪಂದ್ಯ ಎರಡು ದಿನ ನಡೆದರೆ ನಿರ್ಣಾಯಕ ಭಾಗ ಯಾವ ದಿನ ಎಂದು ನೋಡುತ್ತೇನೆ. ಗೊನ್ಸಾಲೆಸ್ ಪಂದ್ಯ ಇಲ್ಲಿ ಬಂದದ್ದು ಅದರಿಂದ.

ಇಷ್ಟೊಂದು ಒಂದೇ ದಿನ ಯಾಕೆ? ಈ ತಾರೀಕಿನಲ್ಲಿ ಏನೋ ಇದೆ ಅಲ್ವಾ?

ತಾರೀಕಿನಲ್ಲಿ ಏನೂ ಇಲ್ಲ, ಕ್ಯಾಲೆಂಡರ್‌ನಲ್ಲಿದೆ. ಜೂನ್ ಕೊನೆ ಎಂದರೆ ಇಂಗ್ಲೆಂಡಿನ ಕ್ರಿಕೆಟ್ ಕಾಲ, ವಿಂಬಲ್ಡನ್, ಫುಟ್‌ಬಾಲ್ ವಿಶ್ವಕಪ್, ಯೂರೋ, ಎನ್‌ಬಿಎ ಡ್ರಾಫ್ಟ್ ಎಲ್ಲ ಒಟ್ಟಿಗೆ ಬರುವ ಹೊತ್ತು. ವಿಶ್ವಕಪ್ ಎಂದು ಶುರುವಾಯಿತು ಎಂಬುದರ ಮೇಲೆ 25ರಂದು ಯಾವ ಹಂತ ಬರುತ್ತದೆ ಎಂಬುದು ನಿಂತಿದೆ. 1978ರಲ್ಲಿ ಜೂನ್ 1ಕ್ಕೆ ಶುರು, 25ಕ್ಕೆ ಫೈನಲ್. 1986ರಲ್ಲಿ ಮೇ 31ಕ್ಕೆ ಶುರುವಾದರೂ ತಂಡಗಳು ಹೆಚ್ಚಿದ್ದರಿಂದ 25ಕ್ಕೆ ಸೆಮಿಫೈನಲ್. 1982ರಲ್ಲಿ ಜೂನ್ 13ಕ್ಕೆ ಶುರು, ಹಾಗಾಗಿ 25ಕ್ಕೆ ಇನ್ನೂ ಗುಂಪಿನ ಪಂದ್ಯ. ಎನ್‌ಬಿಎ ಫೈನಲ್ 1999ರಲ್ಲಿ ಅಷ್ಟು ತಡವಾದದ್ದು ಮಾಲೀಕರು–ಆಟಗಾರರ ಜಗಳದಿಂದ ಋತು ಫೆಬ್ರವರಿಯಲ್ಲಿ ಶುರುವಾಗಿ 50 ಪಂದ್ಯಕ್ಕೆ ಕುಗ್ಗಿದ್ದರಿಂದ.

ವಾರದ ದಿನವನ್ನೂ ಗಮನಿಸಿ. ದೊಡ್ಡ ಫೈನಲ್‌ಗಳು ಸಾಮಾನ್ಯವಾಗಿ ಶನಿವಾರ, ಭಾನುವಾರ ನಡೆಯುತ್ತವೆ. 1932, 1983, 1988ರಲ್ಲಿ ಜೂನ್ 25 ಶನಿವಾರ. 1978, 2017ರಲ್ಲಿ ಭಾನುವಾರ. ಮುಂದೆ 2028ರಲ್ಲಿ ಮತ್ತೆ ಭಾನುವಾರ ಬರುತ್ತದೆ, ಆ ಹೊತ್ತಿಗೆ ಬ್ರಿಟನ್ ಮತ್ತು ಐರ್ಲೆಂಡ್‌ನಲ್ಲಿ ಯೂರೋ ನಡೆಯುತ್ತಿರುತ್ತದೆ.